ಉಣ್ತಾ ಇರೋರನ್ನ ಎಬ್ಬಿಸಬಾರ್ದು

ನಮ್ಮತ್ತೆಗೆ ಏನೂ ಆಗಿಲ್ಲ. ಆರಾಮಾಗಿದಾರೆ. ಈಗ ನಾನು ಇದನ್ನ ಟೈಪ್ ಮಾಡೋ ಹೊತ್ತಿಗೆ ಜಗಲಿ ಮೇಲೆ ಕೂತ್ಕೊಂಡು ಹಲಸಿನ ಬೀಜ ಜಜ್ಜಿ ಸಿಪ್ಪೆ ತೆಗೀತಾ ಇದಾರೆ. ಭಾನುವಾರದಿಂದ ಫೋನ್ ಎತ್ತಿ ಎತ್ತಿ ಸಾಕಾಗಿ ಇಲ್ಲಿ ಒಂದೇ ಸಲ ಬರೆದು ಬಿಡ್ತಾ ಇದೀನಿ, ಯಾರೂ ಕಚ್ಚಿಸ್ಕೊಂಡಿಲ್ಲ, ಯಾರೂ ಆಸ್ಪತ್ರೆಗೆ ಹೋಗಿಲ್ಲ, ಯಾರ ಮೇಲೂ ಯಾವ ದಾಳಿಯೂ ಆಗಿಲ್ಲ. ದಾಳಿ ಆಗಿದ್ದು ನಮ್ಮನೆ ಮೇಲೆ, ಅದೂ ಜನರಿಂದ.

ವಿಡಿಯೊ ನೋಡಿದೀರಲ್ಲ. ನೋಡದೆ ಇರೋರು ಯಾರಿದೀರಿ ಹೇಳಿ. 'ಕೊಪ್ಪದಲ್ಲಿ ಮನೆಗೆ ನುಗ್ಗಿ ಅಜ್ಜಿ ಮೇಲೆ ದಾಳಿ ಮಾಡಿದ 22 ಅಡಿ ಕಾಳಿಂಗ ಸರ್ಪ', ಹಿಂದುಗಡೆ ಢಂ ಢಂ ಮ್ಯೂಸಿಕ್ಕು, ಮಧ್ಯದಲ್ಲಿ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕೆದರಿದ ತಲೇಲಿ 'ಸರೀರೋ ಆಚೆ' ಅಂತ ಕೈ ಬೀಸೋದನ್ನ ಸ್ಲೋ ಮೋಷನ್ ಮಾಡಿ ಕೆಂಪು ರೌಂಡ್ ಹಾಕಿದಾರೆ. ಅವರು ಕೈ ಬೀಸ್ತಾ ಇದ್ದಿದ್ದು ಹಾವಿಗಲ್ಲ ಮಾರಾಯ್ರೆ, ವಿಡಿಯೊ ಮಾಡ್ತಿದ್ದೋನಿಗೆ.

22 ಅಡಿಯಂತೆ. ಪ್ರಪಂಚದಲ್ಲಿ ಇಲ್ಲೀವರೆಗೆ ಅಳತೆ ಮಾಡಿರೋ ಅತಿ ಉದ್ದದ ಕಾಳಿಂಗವೇ ಹೆಚ್ಚುಕಮ್ಮಿ 19 ಅಡಿ. ನಮ್ಮನೆ ಬಚ್ಚಲಲ್ಲಿ ವಿಶ್ವದಾಖಲೆ ಆಗಿರೋದು ನಮಗೇ ಗೊತ್ತಿರ್ಲಿಲ್ಲ.

ಆಗಿದ್ದು ಇಷ್ಟು. ಭಾನುವಾರ ಹತ್ತೂವರೆ ಇರ್ಬೋದು, ಇವ್ರು ತೋಟಕ್ಕೆ ಹೋಗಿದ್ರು, ಮಗಳು ರಜೆ ಅಂತ ಇನ್ನೂ ಹಾಸಿಗೆ ಬಿಟ್ಟಿರ್ಲಿಲ್ಲ, ಅತ್ತೆ ಹಂಡೆಗೆ ಉರಿ ಹಾಕೋಕೆ ಅಂತ ಬಚ್ಚಲಿಗೆ ಹೋದ್ರು. ನಮ್ಮನೆಗೆ ಬಂದೋರಿಗೆ ಗೊತ್ತು, ಬಚ್ಚಲು ಅಂದ್ರೆ ಹಿತ್ತಲ ಕಡೆ ಒಂದು ಬಾಗಿಲು, ಪಕ್ಕದಲ್ಲೇ ಕಟ್ಟಿಗೆ ರಾಶಿ, ಅಡಿಕೆ ಹಾಳೆ ಪೇರಿಸಿಟ್ಟಿದ್ದು, ಅದರಾಚೆ ಸೀದಾ ಹಕ್ಕಲು, ಅಂದ್ರೆ ಕುರುಚಲು ಗಿಡ ಬೆಳೆದಿರೋ ಜಾಗ. ಕಟ್ಟಿಗೆ ರಾಶೀಲಿ ಇಲಿ, ಇಲಿಗೆ ಅಂತ ಒಂದು ಕೇರೆ ಹಾವು ಎರಡು ವರ್ಷದಿಂದ ನಮ್ಮಲ್ಲೇ ಇತ್ತು, ಅದಕ್ಕೆ ರೇಷನ್ ಕಾರ್ಡ್ ಒಂದು ಮಾಡಿಸಿಲ್ಲ ಅಷ್ಟೆ. ಆ ಕೇರೆ ಹಿತ್ತಲ ಬಾಗಿಲಿಂದ ಬಾಣ ಬಿಟ್ಟಂಗೆ ಒಳಗೆ ಬಂತಂತೆ. ಹಿಂದೇನೇ ಕಾಳಿಂಗ.

ಅತ್ತೆ ಕಿರುಚಲಿಲ್ಲ. ಊದುಕೊಳವೆ ಅಲ್ಲೇ ಇಟ್ಟು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕ್ಕೊಂಡು ಅಡುಗೆ ಮನೆಗೆ ಬಂದು ಮಧ್ಯದ ಬಾಗಿಲು ಹಾಕಿ, ಒಲೆ ಮೇಲಿದ್ದ ಹಾಲು ಇಳಿಸಿ, ಆಮೇಲೆ ನಂಗೆ ಹೇಳಿದ್ದು, 'ಬಚ್ಚಲಿಗೆ ಹೋಗ್ಬೇಡ ಮಾರಾಯ್ತಿ, ದೊಡ್ಡದು ಬಂದಿದೆ, ಊಟ ಮಾಡ್ತಿದೆ.'

ಊಟ ಮಾಡ್ತಿದೆ ಅಂತೆ. ನಾನು ಅರಸೀಕೆರೆ ಕಡೆಯೋಳು, ನನ್ನ ಹಾವಿನ ಭಯ ನಿಮಗೆಲ್ಲ ಗೊತ್ತಿರೋದೇ, ಕಾಲೇಜಲ್ಲಿ ಹಗ್ಗ ಎಸೆದು ಹೆದರಿಸಿದೋರೂ ಈ ಲಿಸ್ಟಲ್ಲೇ ಇದೀರಿ. ನಮ್ಮೂರ ತೆಂಗಿನ ತೋಟದಲ್ಲಿ ಹಾವು ಕಂಡ್ರೆ ಗೊತ್ತಿದ್ದಿದ್ದು ಒಂದೇ, ದೊಣ್ಣೆ. ಕೇರೆ ಹಾವು ಹಸು ಕಾಲು ಸುತ್ಕೊಂಡು ಹಾಲು ಕುಡಿಯತ್ತೆ ಅಂತ ನಂಬಿ ಅದನ್ನೂ ಹೊಡೀತಿದ್ರು, ನಾನು ಹತ್ತು ವರ್ಷದೋಳು ಕಾಂಪೌಂಡ್ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದು ನೆನಪಿದೆ. ಅಂಥ ನಾನು ಅಡುಗೆ ಮನೆ ಕಿಟಕಿ ಸಂದೀಲಿ ಬಗ್ಗಿ ನೋಡಿದೆ.

ಕೇರೆ ತಲೆ ಆಗ್ಲೇ ಒಳಗೆ ಹೋಗಿತ್ತು. ಉಳಿದ ಅರ್ಧ ಮೈ ಹೊರಗೆ. ಬಾಲ ಒಂದು ಅಲ್ಲಾಡ್ತಾ ಆ ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಬಡೀತಿತ್ತು, ಟಪ್, ಸ್ವಲ್ಪ ಹೊತ್ತು ಬಿಟ್ಟು ಟಪ್. ಕಾಳಿಂಗದ ಗಂಟಲ ಕೆಳಗೆ ಹಳದಿ, ಮೈಮೇಲೆ ಮಸುಕು ಪಟ್ಟೆ, ದವಡೆ ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಸರೀತಿತ್ತು, ಎಷ್ಟು ನಿಧಾನ ಅಂದ್ರೆ ಅತ್ತೆ ಏಕಾದಶಿ ಮಾರನೇ ದಿನ ಊಟ ಮಾಡ್ದಂಗೆ. ಭಯ ಇತ್ತು, ಮೊಣಕಾಲು ನಡುಗ್ತಿತ್ತು ನಿಜ, ಆದ್ರೆ ಕಣ್ಣು ತೆಗೆಯೋಕೆ ಆಗ್ಲಿಲ್ಲ.

ಅರಣ್ಯ ಇಲಾಖೆಗೆ ಫೋನ್ ಮಾಡಿದ್ವಿ, ಅವರು ಉರಗ ರಕ್ಷಕರೊಬ್ಬರನ್ನ ಕಳಿಸ್ತೀವಿ, ಒಂದು ಗಂಟೆ ಆಗತ್ತೆ, ಬಾಗಿಲು ಹಾಕಿ ಸುಮ್ನೆ ಇರಿ ಅಂದ್ರು. ಸುಮ್ನೆ ಇರಿ. ಈ ಎರಡು ಪದ ಇಡೀ ಊರಲ್ಲಿ ಕೇಳಿಸ್ಕೊಂಡಿದ್ದು ನಮ್ಮತ್ತೆ ಒಬ್ಬರೇ.

ಇಪ್ಪತ್ತು ನಿಮಿಷಕ್ಕೆ ದಣಪೆ ದಾಟಿ ಜನ ಬರೋಕೆ ಶುರು. ಮೊದಲು ಪಕ್ಕದ ಮನೆಯೋರು, ಅದು ಸರಿ, ನೆರೆಹೊರೆ. ಆಮೇಲೆ ಬೈಕು. ಆಮೇಲೆ ಒಂದು ಓಮ್ನಿ. ನಲವತ್ತು ಜನ ಇದ್ರು ಅಂತ ಮಗಳು ಎಣಿಸಿದಾಳೆ, ನಲವತ್ತು ಜನಕ್ಕೆ ಐವತ್ತು ಫೋನು. ಸತ್ಯನಾರಾಯಣ ಪೂಜೆಗೆ ಕರೆದ್ರೂ ಇಷ್ಟು ಜನ ಬರಲ್ಲ ನಮ್ಮನೆಗೆ. ಒಬ್ಬ ಹಿತ್ತಲ ಕಡೆಯಿಂದ ಹಂಚು ಸರಿಸಿ ಮೇಲಿಂದ ಫೋನ್ ಇಳಿಬಿಟ್ಟ, ಇನ್ನೊಬ್ಬ 'ಹೆಡೆ ಎತ್ಲಿ ಕಣೋ, ಹೆಡೆ ಎತ್ತಿಲ್ಲ ಅಂದ್ರೆ ಏನು ಮಜಾ' ಅಂತ ಒಂದು ಕಟ್ಟಿಗೆ ತುಂಡು ಎಸೆದ.

ಎಸೆದ ಅಷ್ಟೆ. ಬಾಯಲ್ಲಿ ಅರ್ಧ ಊಟ ಇರೋ ಪ್ರಾಣಿ ಅದು, ಓಡೋಕೂ ಆಗಲ್ಲ, ಎದುರಿಸೋಕೂ ಆಗಲ್ಲ. ಅದು ಆ ಕೇರೆನ ವಾಪಸ್ ಕಕ್ಕಿತು. ನುಂಗಿದ್ದಷ್ಟನ್ನೂ. ಲೋಳೆ ಸುತ್ಕೊಂಡು ಒದ್ದೆ ಹಗ್ಗದಂಗೆ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಆಮೇಲೆ ಅದು ಹೆಡೆ ಎತ್ತಿತು, ಮೈಯ ಮೂರನೇ ಒಂದು ಭಾಗ ಮೇಲೆತ್ತಿ ನಿಲ್ಲತ್ತಂತೆ, ಸದ್ದು ಬುಸ್ ಅನ್ನೋ ಥರ ಅಲ್ಲ, ನಾಯಿ ಗಂಟಲೊಳಗೇ ಗುರ್ ಅನ್ನತ್ತಲ್ಲ ಹಂಗೆ. ನಿಮ್ಮ ಫೋನಲ್ಲಿರೋ ಆ 'ದಾಳಿ'ಯ ಸೀನು ಇದೇ. ಹೊರಗಡೆ 'ಓಓಓ' ಅಂತ ಚಪ್ಪಾಳೆ ಬಿತ್ತು. ನಮ್ಮತ್ತೆ ಆಗ ಹೊರಗೆ ಬಂದು ಆ ಸೆರಗು ಸಿಗಿಸ್ಕೊಂಡ ಅವತಾರದಲ್ಲಿ ಬೈದಿದ್ದು. ಪೂರ್ತಿ ಮಾತು ಏನು ಗೊತ್ತಾ? ವಿಡಿಯೊದಲ್ಲಿ ಕಟ್ ಮಾಡಿದಾರೆ. 'ಸರೀರೋ ಆಚೆ, ಉಣ್ತಾ ಇರೋರನ್ನ ಯಾರಾದ್ರೂ ಎಬ್ಬಿಸ್ತಾರಾ?'

ಹಾವು ಹಿಡಿಯೋರು ಬಂದ್ರು, ಮೂವತ್ತು ವರ್ಷದ ಹುಡುಗ, ಮಾತು ಕಮ್ಮಿ. ಕುತ್ತಿಗೆ ಹಿಚುಕಲಿಲ್ಲ, ಬಾಲ ಹಿಡಿದು ತಿರುಗಿಸಲಿಲ್ಲ, ಹೆಡೆಗೆ ಮುತ್ತು ಕೊಡಲಿಲ್ಲ. ಬಟ್ಟೆ ಚೀಲದ ಬಾಯಿಗೆ ದಪ್ಪ ಪೈಪು ಕಟ್ಟಿದ್ದು ನೆಲದ ಮೇಲೆ ಇಟ್ರು, ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿದ್ರು, ಕತ್ತಲೆ ಬಿಲ ಅಂದ್ಕೊಂಡು ಅದೇ ಒಳಗೆ ಹೋಯ್ತು. ಎರಡು ನಿಮಿಷ ಆಯ್ತೋ ಇಲ್ವೋ. ಜನಕ್ಕೆ ಬೇಜಾರಾಯ್ತು, 'ಅಷ್ಟೇನಾ?' ಅಂದ ಒಬ್ಬ. 11 ಅಡಿ ಚಿಲ್ಲರೆ ಇರ್ಬೋದು ಅಂದ್ರು ಅವರು. ಬಿಟ್ಟಿದ್ದು ನಮ್ಮ ಹಕ್ಕಲಿನ ಹಿಂದಿನ ಕಾಡಲ್ಲೇ, ದೂರ ಒಯ್ದು ಬಿಟ್ರೆ ಗೊತ್ತಿಲ್ಲದ ಜಾಗದಲ್ಲಿ ದಿಕ್ಕು ತಪ್ಪಿ ಅಲೀತಾವಂತೆ. ಅದಕ್ಕೂ ಜನರ ತಕರಾರು. ಹೋಗೋವಾಗ ಕಾಫಿ ಕುಡೀತಾ ಅವರು ನಂಗೆ ಹೇಳಿದ್ದು ಇನ್ನೂ ಕಿವೀಲಿದೆ, 'ಅಕ್ಕ, ಇವರೆಲ್ಲ ಬರ್ದೆ ಇದ್ದಿದ್ರೆ ನಾನೂ ಬರೋದು ಬೇಕಿರ್ಲಿಲ್ಲ. ತಿಂದು ಅದೇ ಹೋಗ್ತಿತ್ತು.'

ತಿಂದು ಅದೇ ಹೋಗ್ತಿತ್ತು ಮಾರಾಯ್ರೆ.

ನನ್ನ ಸಿಟ್ಟು ಇಷ್ಟೇ. ಹಾವೇ ಹಾವನ್ನ ತಿನ್ನೋ ಜಾತಿ ಅದು, ಅದರ ವೈಜ್ಞಾನಿಕ ಹೆಸರಿನ ಅರ್ಥವೇ ಹಾವು ತಿನ್ನೋದು ಅಂತ. ಮನುಷ್ಯರ ಸುದ್ದಿಗೆ ಬಂದಿರ್ಲಿಲ್ಲ. 1836ರಿಂದ ಎಲ್ಲಾ ಕಾಳಿಂಗಾನೂ ಒಂದೇ ಜಾತಿ ಅಂತ ಇದ್ದಿದ್ದನ್ನ 2024ರಲ್ಲಿ ನಾಲ್ಕು ಜಾತಿ ಅಂತ ಬೇರೆ ಮಾಡಿ, ನಮ್ಮ ಪಶ್ಚಿಮ ಘಟ್ಟದ್ದಕ್ಕೆ 'ಓಫಿಯೋಫೇಗಸ್ ಕಾಳಿಂಗ' ಅಂತ ಹೆಸರಿಟ್ಟಿದಾರೆ, ನಮ್ಮ ಅಜ್ಜಂದಿರು ಕರೀತಿದ್ದ ಹೆಸರನ್ನೇ ವಿಜ್ಞಾನಕ್ಕೆ ತಗೊಂಡಿದಾರೆ, ಮೈಮೇಲಿನ ಪಟ್ಟೆ ನಲವತ್ತಕ್ಕಿಂತ ಕಮ್ಮಿ ಇದ್ರೆ ನಮ್ಮದು ಅಂತ ಆ ಹುಡುಗ ಹೇಳಿದಾಗ ನಂಗೆ ಏನೋ ಹೆಮ್ಮೆ ಆಯ್ತು, ನನ್ನಂಥ ಹೆದರುಪುಕ್ಕಲಿಗೆ. ಆ ಹೆಮ್ಮೆ ಒಂದು ದಿನಾನೂ ಉಳೀಲಿಲ್ಲ, ಸಂಜೆಗೆ 22 ಅಡಿ ರಾಕ್ಷಸ ಬಂದ.

ಕಾಮೆಂಟ್ ಓದಿದೀರಾ? 'ಕಾಡು ಕಡಿದು ಮನೆ ಕಟ್ಟಿದ್ರೆ ಹೀಗೇ ಆಗೋದು' ಅಂತ ಒಬ್ಬರು. ಡಿಪಿ ನೋಡಿದೆ, ಹಿಂದೆ ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟು. ಆ ಜಾಗದಲ್ಲಿ ಮೊದ್ಲಿಂದ ಸ್ವಿಮ್ಮಿಂಗ್ ಪೂಲೇ ಇತ್ತಾ ಸ್ವಾಮಿ? ನಮ್ಮ ಮಾವನವರ ಅಪ್ಪ ಕಟ್ಟಿಸಿದ ಮನೆ ಇದು, ಅವತ್ತಿಂದ ಕಾಳಿಂಗ ಬರ್ತಾ ಇದೆ, ಹೋಗ್ತಾ ಇದೆ, ಯಾರ ತಂಟೆಗೂ ಹೋಗಿಲ್ಲ. ಇನ್ನೊಬ್ಬರು 'ಹೊಡೆದು ಹಾಕ್ಬೇಕಿತ್ತು' ಅಂತ. ಹೊಡೀರಿ, ವನ್ಯಜೀವಿ ರಕ್ಷಣಾ ಕಾಯ್ದೆಗೆ 2022ರ ತಿದ್ದುಪಡಿ ಆದ್ಮೇಲೆ ಕಾಳಿಂಗ ಅದರ ಮೊದಲನೇ ಶೆಡ್ಯೂಲಲ್ಲಿದೆ, ಮೂರು ವರ್ಷಕ್ಕೆ ಕಮ್ಮಿ ಇಲ್ಲ ಜೈಲು, ಅಲ್ಲಿ ಫೋನು ಕೊಡಲ್ಲ.

ನನ್ನ ಅಣ್ಣನ ಮಗ ಫೋನ್ ಮಾಡಿ ಬುದ್ಧಿ ಹೇಳಿದ. 'ಅತ್ತೆ, ಇಂಥ ವಿಡಿಯೊದಿಂದ ಜನಕ್ಕೆ ಅವೇರ್‌ನೆಸ್ ಬರತ್ತೆ, ಹೊಡೀದೆ ಫೋನ್ ಮಾಡ್ಬೇಕು ಅಂತ ಗೊತ್ತಾಗತ್ತೆ' ಅಂತ. ಎಂತ ಅವೇರ್‌ನೆಸ್ಸು? ಚೀಲಕ್ಕೆ ಹಾಕಿದ ಭಾಗಾನೇ ಇಲ್ಲ ಅದರಲ್ಲಿ! ಪೈಪು ಇಲ್ಲ, ಕೊಕ್ಕೆ ಇಲ್ಲ, ಕಕ್ಕಿದ್ದು ಇಲ್ಲ, ಕಟ್ಟಿಗೆ ಎಸೆದ ಕೈ ಅಂತೂ ಇಲ್ವೇ ಇಲ್ಲ. ನಮ್ಮ ಕಡೆ ಜನ ಕಾಳಿಂಗ ಕಂಡ್ರೆ ಕೋವಿ ಹುಡುಕದೆ ಫೋನ್ ಹುಡುಕ್ತಾರೆ ಅಂದ್ರೆ ಅದು ಢಂ ಢಂ ಮ್ಯೂಸಿಕ್ಕಿಂದ ಆಗಿದ್ದಲ್ಲ. ಆಗುಂಬೇಲಿ ಹಾವಿನ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆ ಮಳೆಕಾಡು ಕೇಂದ್ರ ಶುರು ಮಾಡಿದ್ಮೇಲೆ ಹಾವಿನ ಹೊಟ್ಟೇಲಿ ಟ್ರಾನ್ಸ್‌ಮಿಟರ್ ಕೂರಿಸಿ ಮಳೇಲಿ ಜಿಗಣೆ ಕಚ್ಚಿಸ್ಕೊಂಡು ಅದರ ಹಿಂದೆ ನಡೆದೋರಿದಾರೆ, ಮನೆ ಅಂಗಳದಲ್ಲಿ ಕೂತು ಮಾತಾಡಿದೋರಿದಾರೆ. ಅವರ್ಯಾರಿಗೂ ಕೆಂಪು ರೌಂಡ್ ಹಾಕಲ್ಲ.

ಇನ್ನೊಂದು. ನಮ್ಮ ದೇಶದಲ್ಲಿ ಮಾಮೂಲಿ ಸಿಗೋ ಹಾವಿನ ಔಷಧಿ ನಾಲ್ಕು ಹಾವಿನ ವಿಷದಿಂದ ಮಾಡೋದು, ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಳಿಂಗ ಅದರಲ್ಲಿಲ್ಲ. ಅದರದ್ದು ಥಾಯ್ಲೆಂಡಲ್ಲಿ ಮಾಡ್ತಾರೆ. ಹಂಚು ಸರಿಸಿ ಬಗ್ಗಿದ್ನಲ್ಲ ಆ ಮಹಾಶಯ, ಅವನು ಜಾರಿ ಬಿದ್ದಿದ್ರೆ ಆಗುಂಬೆ ಘಾಟಿ ಇಳಿಸಿ ಕರ್ಕೊಂಡು ಹೋಗೋ ಹೊತ್ತಿಗೆ ಏನಾಗ್ತಿತ್ತು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಿರೋ ನಾನು ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ. ಎರಡು ಹಂಚು ಒಡೆದಿದೆ, ಮಳೆಗೆ ಮುಂಚೆ ಹಾಕಿಸ್ಬೇಕು, ಅದರ ಖರ್ಚು ಯಾವ ಚಾನೆಲ್ಲು ಕೊಡತ್ತೆ?

ಸರಿ, ಇಷ್ಟು ಬೈದ್ಮೇಲೆ ಒಂದು ಮಾತು ಹೇಳ್ದೆ ಇದ್ರೆ ಹೊಟ್ಟೇಲಿ ಉಳಿಯತ್ತೆ. ಮೊದಲ ವಿಡಿಯೊ ಮಾಡಿದ್ದು ನಾನೇ. ಕಿಟಕಿ ಸಂದಿಯಿಂದ, ಹದಿನಾಲ್ಕು ಸೆಕೆಂಡು. ಬಾಲ ಬಕೆಟ್ಟಿಗೆ ಬಡಿಯೋದು. ಹೆದರಿಕೇಲಿ ಏನು ಮಾಡ್ಬೇಕು ಗೊತ್ತಾಗ್ಲಿಲ್ಲ, ಕೈ ತಾನಾಗೇ ಫೋನ್ ತಗೊಂತು, ತವರುಮನೆ ಗ್ರೂಪಿಗೆ ಹಾಕಿದೆ, 'ನೋಡ್ರೋ ನಮ್ಮನೆ ಗೆಸ್ಟ್' ಅಂತ ನಗೋ ಇಮೋಜಿ ಬೇರೆ. ಅವೇರ್‌ನೆಸ್ ಪಾಠ ಮಾಡಿದ್ನಲ್ಲ, ಅದೇ ಮಹಾನುಭಾವ ಅದನ್ನ ಸ್ಟೇಟಸ್ ಇಟ್ಟ. ಅಲ್ಲಿಂದ ಕೊಪ್ಪಕ್ಕೆ ವಾಪಸ್ ಬರೋಕೆ ಹತ್ತು ನಿಮಿಷ ಸಾಕಾಯ್ತು. ಓಮ್ನೀಲಿ ಬಂದೋರು ನನ್ನ ವಿಡಿಯೊ ನೋಡೇ ಬಂದಿದ್ದು. ಇದನ್ನ ನಮ್ಮನೆಯವರಿಗೆ ಹೇಳಿದೀನಿ, ಅತ್ತೆಗೆ ಹೇಳಿಲ್ಲ. ಅತ್ತೆ ಫೇಸ್‌ಬುಕ್ಕಲ್ಲಿಲ್ಲ, ಹೇಳೋಕೆ ಹೋಗ್ಬೇಡಿ.

ಸತ್ತ ಕೇರೆನ ಇವ್ರು ಅವತ್ತು ಸಂಜೆ ಒಂದು ಹಾಳೆ ಮೇಲೆ ಹಾಕ್ಕೊಂಡು ಹಕ್ಕಲಿನ ಅಂಚಲ್ಲಿ ಇಟ್ಟು ಬಂದ್ರು. ಅತ್ತೆ ಹೇಳಿದ್ದಕ್ಕೆ. ಅದು ವಾಪಸ್ ಬಂದು ತಿನ್ನತ್ತೆ ಅಂತ ಅತ್ತೆ ಲೆಕ್ಕ. ಬೆಳಿಗ್ಗೆ ಇರ್ಲಿಲ್ಲ. ನರಿ ಒಯ್ದಿರತ್ತೆ ಅಂತ ನಾನಂದೆ, ಅತ್ತೆ ನನ್ನ ಕಡೆ ನೋಡ್ಲೂ ಇಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಇಬ್ರು ಹುಡುಗ್ರು, ಬೈಕಲ್ಲಿ. 'ಆಂಟಿ ಇದೇ ಮನೆನಾ, ಆ ಬಚ್ಚಲು ಸ್ವಲ್ಪ ತೋರಿಸ್ತೀರಾ, ರೀಲ್ಸ್ ಮಾಡ್ಬೇಕು.' ನಾನು ಬಾಯಿ ತೆಗೆಯೋಕೆ ಮುಂಚೆ ಅತ್ತೆ 'ಬಿಸಿಲಲ್ಲಿ ಬಂದಿದೀರಿ, ಊಟ ಆಯ್ತನ್ರೋ?' ಅಂದ್ರು. ಕೂರಿಸಿದ್ರು, ಎಲೆ ಹಾಕಿದ್ರು, ಮಾವಿನ ಹಣ್ಣಿನ ಗೊಜ್ಜು, ಹಲಸಿನ ಹಪ್ಪಳ. ಪಾಪ ಹಸಿದಿದ್ರು ಅನ್ಸತ್ತೆ, ತಲೆ ತಗ್ಗಿಸಿ ಕಲಸ್ತಾ ಇದ್ರು. ನಂಗೇನಾಯ್ತೋ ಗೊತ್ತಿಲ್ಲ, ಎದುರಿಗೆ ಹೋಗಿ ನಿಂತು ಫೋನ್ ಎತ್ತಿ ಮುಖದ ಹತ್ರ ಹಿಡಿದು ವಿಡಿಯೊ ಮಾಡೋಕೆ ಶುರು ಮಾಡಿದೆ. ಒಬ್ಬ ತುತ್ತು ಬಾಯಿ ಹತ್ರ ತಂದೋನು ಹಂಗೇ ಎಲೆ ಮೇಲೆ ಇಟ್ಟ. ಇನ್ನೊಬ್ಬ 'ಯಾಕೆ ಆಂಟಿ?' ಅಂದ.

ಅತ್ತೆ ಸಾರಿನ ಸೌಟು ಹಿಡ್ಕೊಂಡು ಬಂದೋರು ನನ್ನ ಕೈಯಿಂದ ಫೋನ್ ಕಿತ್ಕೊಂಡು, 'ನಿಂಗೆ ಬುದ್ಧಿ ಇದ್ಯೇನೆ, ಉಣ್ಣೋರ ಎದುರು!' ಅಂದ್ರು.