ಕಾಸರಕದ ಬೀಜವೂ ನಕ್ಸ್ ವಾಮಿಕಾ ಗುಳಿಗೆಯೂ ಒಂದೇ ಅಲ್ಲ

ಹೋಮಿಯೋಪತಿ ಔಷಧಿ ನಕ್ಸ್ ವಾಮಿಕಾ ಅಂದ್ರೆ ನಮ್ಮ ಕಾಸರಕವೇ, ಗ್ಯಾಸ್ಟ್ರಿಕ್‌ಗೆ ಅದರ ಬೀಜವನ್ನು ಮನೆಯಲ್ಲೇ ಅರೆದು ಕುಡಿಯಬಹುದು ಎಂಬ ಮೆಸೇಜ್ ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಕುಡಿಯಬೇಡಿ.

ಮರ ಒಂದೇ, ನಿಜ. ಆದರೆ ಅಂಗಿ ಗುಂಡಿಯ ಹಾಗೆ ಚಪ್ಪಟೆಯಾಗಿ, ರೇಷ್ಮೆಯಂತೆ ಹೊಳೆಯುವ ಆ ಬೂದು ಬೀಜದಲ್ಲಿ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳಿವೆ. ಬೆನ್ನುಹುರಿಯಲ್ಲಿ ನರಗಳಿಗೆ ಕಡಿವಾಣ ಹಾಕುವುದು ಗ್ಲೈಸೀನ್ ಎಂಬ ರಾಸಾಯನಿಕ. ಸ್ಟ್ರಿಕ್ನೀನ್ ಅದರ ಕೆಲಸವನ್ನೇ ತಡೆಯುತ್ತದೆ. ಆಗ ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದುಕೊಳ್ಳುತ್ತದೆ, ಉಸಿರೇ ನಿಲ್ಲಬಹುದು.

ನಕ್ಸ್ ವಾಮಿಕಾದ 30ಸಿ ಹೋಮಿಯೋಪತಿ ಗುಳಿಗೆಯ ಕತೆ ಬೇರೆ. ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ್ದು ಅದು. 12 ಸಲ ದಾಟುವಾಗಲೇ ಬೀಜದ ಒಂದು ಅಣುವೂ ಉಳಿಯುವುದು ಅನುಮಾನ. ಅದರಿಂದ ಗ್ಯಾಸ್ಟ್ರಿಕ್ ವಾಸಿಯಾಗುತ್ತದೆ ಅನ್ನಲೂ ಗಟ್ಟಿ ಪುರಾವೆ ಇಲ್ಲ. ತೆಳು ಮಾಡುವ ಮೊದಲಿನ ಮೂಲ ದ್ರಾವಣವಾದ ಮದರ್ ಟಿಂಕ್ಚರ್‌ನಲ್ಲಿ ಮಾತ್ರ ವಿಷ ಇದ್ದೇ ಇರುತ್ತದೆ.

ಯಾರಾದರೂ ಅರೆದು ಕುಡಿದಿದ್ದರೆ ಸುಮ್ನೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.