ಓಡದ ಕಾರಿನ ಉಪಯೋಗಗಳು

ನಮ್ಮ ಮನೆಯ ಪೋರ್ಟಿಕೊ ಹತ್ತಡಿ ಉದ್ದ. ಪ್ರೀಮಿಯರ್ ಪದ್ಮಿನಿ ಕಾರು ಹತ್ತಿರ ಹತ್ತಿರ 13 ಅಡಿ. ಈ ಸಣ್ಣ ಲೆಕ್ಕವನ್ನು ನಾನು ಮಾಡಿದ್ದು ಕಾರು ಲಾರಿಯಿಂದ ಇಳಿದ ಮೇಲೆ. ನಾಲ್ಕು ಜನ ಸೇರಿ, ಮೂತಿ ಗೋಡೆಗೆ ತಾಗುವವರೆಗೂ ನೂಕಿದೆವು. ಆದರೂ ಡಿಕ್ಕಿಯ ಭಾಗ ಹೊರಗೇ ಉಳಿಯಿತು. ಅಂದಿನಿಂದ ಮೂರೂವರೆ ವರ್ಷ ಅದು ಹಾಗೇ ನಿಂತಿತ್ತು, ತಲೆ ನೆರಳಿನಲ್ಲಿ, ಬಾಲ ಬಿಸಿಲಿನಲ್ಲಿ.

"ಎಮ್ಮೆ ಮಲಗಿದ ಹಾಗಿದೆ ಕಣೋ," ಅಂದಳು ಅಮ್ಮ. "ಎಮ್ಮೆಯಾದ್ರೂ ಸಂಜೆ ಎದ್ದು ಹಾಲು ಕೊಡುತ್ತೆ."

ಕಾರು ಸೋದರಮಾವನದು. ಅರಸೀಕೆರೆ ಕಡೆ ಅವರ ತೋಟದ ಮನೆ. 1978ರ ಮಾಡೆಲ್, ಮೂರು ಇಂಗ್ಲಿಷ್ ಅಕ್ಷರದ ಹಳೇ ನಂಬರು, ಕೆಎ ಬರುವುದಕ್ಕೂ ಮೊದಲಿನದು. 2006ರಲ್ಲಿ ಒಂದು ಬೆಳಿಗ್ಗೆ ಅದು ಸ್ಟಾರ್ಟ್ ಆಗಲಿಲ್ಲವಂತೆ. "ನಾಳೆ ನೋಡೋಣ" ಅಂತ ಮಾವ ಅದನ್ನು ಕೊಟ್ಟಿಗೆಗೆ ತಳ್ಳಿಸಿದರು. ಆ ನಾಳೆ ಹದಿನಾರು ವರ್ಷ ಬರಲೇ ಇಲ್ಲ. ನಾನು ನೋಡಲು ಹೋದಾಗ ಹಿಂದಿನ ಸೀಟಿನ ತುಂಬ ತೆಂಗಿನಕಾಯಿ, ಮುಂದೆ ಎರಡು ಮೂಟೆ ಹುರುಳಿ, ಡಿಕ್ಕಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರು.

"ಗಾಜು ಏರಿಸಿಬಿಟ್ರೆ ಒಂದು ಇಲಿ ಒಳಗೆ ಬರಲ್ಲ ಕಣಯ್ಯ," ಅಂದರು ಮಾವ ಹೆಮ್ಮೆಯಿಂದ. ಆಮೇಲೆ, "ನಿಂಗೆ ಬೇಕಾದ್ರೆ ತಗೊಂಡು ಹೋಗು, ಇಲ್ದಿದ್ರೆ ಗುಜರಿಯವನು ಕೇಳ್ತಿದಾನೆ" ಅಂದರು. ನಾನು ಕುಣಿದಾಡುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು ನಿಂತರು. "ಕಾರು ಒಯ್ಯಿ ಮಾರಾಯ, ಬೇಡ ಅನ್ನಲ್ಲ. ಕಾಯಿ ಎಲ್ಲಿ ಇಡ್ಲಿ ಹೇಳು?"

ಆ ಪ್ರಶ್ನೆಯನ್ನು ನಾನು ಅವತ್ತೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಈಗಿನ ಮಕ್ಕಳಿಗೆ ಪದ್ಮಿನಿ ಅಂದರೆ ಗೊತ್ತಾಗುವುದಿಲ್ಲ. ಇಟಲಿಯ ಫಿಯೆಟ್ 1100 ನಮ್ಮಲ್ಲಿ 1964ರಿಂದ ಡಿಲೈಟ್ ಅನ್ನುವ ಹೆಸರಲ್ಲಿ ಓಡುತ್ತಿತ್ತು. ನಡುವೆ ಸ್ವಲ್ಪ ಕಾಲ ಪ್ರೆಸಿಡೆಂಟ್ ಆಗಿ, 1974ರಲ್ಲಿ ಚಿತ್ತೋಡಿನ ರಾಣಿಯ ಹೆಸರಿಟ್ಟುಕೊಂಡು ಪದ್ಮಿನಿಯಾಯಿತು. ಹೆಸರು ರಾಣಿಯದಾದರೂ ಜನ ಕೊನೆಯವರೆಗೂ ಕರೆದದ್ದು ಫಿಯೆಟ್ ಅಂತಲೇ. 1089 ಸಿಸಿ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಹಣ ಕಟ್ಟಿ ವರ್ಷಗಟ್ಟಲೆ ಕಾದು ತಗೊಳ್ಳುತ್ತಿದ್ದ ಕಾಲ ಅದು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರಲ್ಲಿ.

ಇದಕ್ಕೂ ನಮ್ಮೂರು ಮೈಸೂರಿಗೂ ಒಂದು ಹಳೇ ನಂಟಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಹಿಡಿದುಕೊಂಡು ಯುರೋಪು, ಅಮೆರಿಕ ಎಲ್ಲ ತಿರುಗಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗಿದ್ದರು. ಮೈಸೂರು ಸಂಸ್ಥಾನದಲ್ಲೇ ಕಾರ್ಖಾನೆ ಮಾಡುವ ಮಾತೂ ನಡೆಯಿತು. ಬ್ರಿಟಿಷರು ಬಿಡಲಿಲ್ಲ. ಕೊನೆಗೆ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ವಿಮಾನದ ಕಾರ್ಖಾನೆ, ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬೈ ಪಾಲಾಯಿತು. ಕಾರಿನದೂ ಇಲ್ಲೇ ಆಗಿದ್ದರೆ ಒಂದು ವೈಪರ್ ಮೋಟಾರಿಗಾಗಿ ನಾನು ಬೆಂಗಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ, ಎಸ್‌ಪಿ ರೋಡಿನ ಸಂಡೇ ಬಜಾರು ಅಂತ ಐದು ಭಾನುವಾರ ಕಳೆಯಬೇಕಿರಲಿಲ್ಲ ಅಂತ ನನ್ನ ನಂಬಿಕೆ.

ಶುರುವಿನ ಉತ್ಸಾಹದಲ್ಲಿ ನಾನೇ ಬಿಚ್ಚತೊಡಗಿದೆ. ಬಿಚ್ಚುವುದರಲ್ಲಿ ಏನೋ ಒಂದು ಸುಖ ಇದೆ. ಪ್ರತಿ ಭಾನುವಾರ ಸೀಮೆಎಣ್ಣೆ ಬಟ್ಟಲು ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನ ಊಟದ ಹೊತ್ತಿಗೆ ಕೈ ಕಪ್ಪು, ಮನಸ್ಸು ಹಗುರ. ಬೋಲ್ಟು, ನಟ್ಟುಗಳನ್ನು ಅಮ್ಮನ ಖಾಲಿ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸುತ್ತಿದ್ದೆ. ಜಾಗ ಕಮ್ಮಿ ಅಂತ ಚುಟುಕಾಗಿ "ಡಿ. ಬಾ. ಎಡ" ಅಂತೆಲ್ಲ ಬರೆದಿದ್ದೆ. ಎರಡು ವರ್ಷ ಆದ ಮೇಲೆ ಅದು ಡಿಕ್ಕಿ ಬಾಗಿಲೋ ಡ್ರೈವರ್ ಬಾಗಿಲೋ ಬರೆದವನಿಗೇ ಗೊತ್ತಾಗಲಿಲ್ಲ.

ಮಂಡಿ ಮೊಹಲ್ಲಾ ಕಡೆಯ ಹಳೇ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಎಪ್ಪತ್ತರ ಹತ್ತಿರ ವಯಸ್ಸು. ನಾವೆಲ್ಲ ಭಾಯ್ ಅನ್ನುತ್ತೇವೆ. ಅವರು ಬಾಟಲಿಗಳ ಸಾಲನ್ನು ಉಪ್ಪಿನಕಾಯಿ ಅಂಗಡಿ ನೋಡುವ ಹಾಗೆ ನೋಡಿದರು. "ಸಾರ್, ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ. ಬಿಚ್ಚೋವಾಗ ನೋಡ್ಕೊಂಡ್ರಾ?"

ಭಾಯ್ ಮೊದಲು ಕೇಳಿದ್ದು ಸ್ಪ್ಯಾನರ್ ಅಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟು. ನಮ್ಮ ಮನೆಯಲ್ಲಿ ಇದ್ದದ್ದು ಬಾಳೆಹಣ್ಣಿನ ಆಕಾರದ್ದು. ಆ ಬಾಳೆಹಣ್ಣನ್ನು ಹಿಡಿದು ಕಾರಿನ ಮೈಮೇಲೆಲ್ಲ ಸವರುತ್ತ ಹೋದರು. ತಗಡು ಇದ್ದಲ್ಲಿ ಟಪ್ ಅಂತ ಅಂಟಿಕೊಳ್ಳುತ್ತಿತ್ತು. ಎಡಗಡೆ ಮಡ್‌ಗಾರ್ಡ್ ಹತ್ತಿರ ಬಂದಾಗ ಜಾರಿ ಕೆಳಗೆ ಬಿತ್ತು. "ಇಲ್ಲಿ ಕಾರಿಲ್ಲ ಸಾರ್, ಬರೀ ಪುಟ್ಟಿ," ಅಂದರು. ಯಾರೋ ಯಾವ ಕಾಲದಲ್ಲೋ ಗುದ್ದಿದ ಗುಂಡಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಕೆರೆದಾಗ ಒಂದಿಂಚು ದಪ್ಪದ ಹೆಂಟೆಯೇ ಕಳಚಿ ಬಂತು. ಮಾವನಿಗೆ ಫೋನು ಮಾಡಿದೆ. "ನಾನಲ್ಲಪ್ಪ, ನಿಮ್ಮತ್ತೆ ಡ್ರೈವಿಂಗ್ ಕಲಿತಾ ಇದ್ದಾಗ," ಅಂದರು. ಹಿಂದಿನಿಂದ ಅತ್ತೆಯ ದನಿ: "ಸುಳ್ಳು!"

ಒಳಗಿನ ಮ್ಯಾಟ್ ಎತ್ತಿದರೆ ಇನ್ನೊಂದು ಕಥೆ. ಡ್ರೈವರ್ ಕಾಲಿಡುವ ಜಾಗದಲ್ಲಿ ತಗಡು ಹಪ್ಪಳದ ಹಾಗೆ ಪುಡಿಯಾಯಿತು. ತೂತಿನಿಂದ ನಮ್ಮ ಪೋರ್ಟಿಕೊದ ಕೆಂಪು ರೆಡ್ ಆಕ್ಸೈಡ್ ನೆಲ ಹೊಳೆಯುತ್ತ ಕಾಣಿಸಿತು.

ಆ ತೂತಿಗೆ ಪ್ಯಾಚ್ ಹಾಕಿಸಲು ವೆಲ್ಡಿಂಗ್‌ನವರನ್ನು ಕರೆತರುವಷ್ಟರಲ್ಲಿ ಬೀದಿಯ ಬೂದು ಬೆಕ್ಕು ಅದೇ ದಾರಿಯಲ್ಲಿ ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಮೂರು ಮರಿ ಹಾಕಿತ್ತು. ಗಾಜು ಏರಿಸಿದರೆ ಇಲಿ ಬರುವುದಿಲ್ಲ, ಸರಿ. ಬೆಕ್ಕಿನ ಬಗ್ಗೆ ಮಾವ ಏನೂ ಹೇಳಿರಲಿಲ್ಲ. ಬಾಣಂತಿಯನ್ನು ಹೊರಗೆ ಹಾಕಬಾರದು ಅಂತ ಅಮ್ಮ ಅಡ್ಡ ನಿಂತಳು. ಕೆಲಸ ಆರು ವಾರ ನಿಂತಿತು. ಭಾಯ್ ವಾರಕ್ಕೊಮ್ಮೆ ಬಂದು, ಕಾರು ನೋಡದೆ ಮರಿಗಳನ್ನು ನೋಡಿ, ಟೀ ಕುಡಿದು ಹೋಗುತ್ತಿದ್ದರು.

ಹೀಗೆ ನಿಧಾನವಾಗಿ ಮನೆಯವರೆಲ್ಲ ಕಾರಿನೊಳಗೆ ಒಂದೊಂದು ಜಾಗ ಹಿಡಿದರು. ಹಳೇ ಪೇಪರುಗಳು ಮೊದಲು ಮೆಟ್ಟಿಲ ಕೆಳಗಿದ್ದವು, ಈಗ ಮುಂದಿನ ಸೀಟಿಗೆ ಬಂದವು. ಮಗಳು ಪಿಯುಸಿ ಓದಿದ್ದೇ ಅದರೊಳಗೆ ಕೂತು. ಮನೆಯಲ್ಲಿ ಟಿವಿ ಗಲಾಟೆ, ಕಾರಿನೊಳಗೆ ಬಾಗಿಲು ಹಾಕಿಕೊಂಡರೆ ಸದ್ದೇ ಇಲ್ಲ ಅನ್ನುತ್ತಿದ್ದಳು. ಸ್ಟೇರಿಂಗಿಗೆ ಪುಸ್ತಕ ಒರಗಿಸಿಕೊಂಡು ಕೆಮಿಸ್ಟ್ರಿ ಉರು ಹೊಡೆಯುವುದನ್ನು ನೋಡಿ ದಾರಿಯಲ್ಲಿ ಹೋಗುವವರು ಹುಡುಗಿ ಡ್ರೈವಿಂಗ್ ಕಲಿಯುತ್ತಿದ್ದಾಳೆ ಅಂದುಕೊಂಡರು. ನನ್ನ ಹೆಂಡತಿ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ತಿಂಗಳ ಖರ್ಚಿನ ಪುಸ್ತಕದಲ್ಲಿ ಹಾಲು, ತರಕಾರಿ, ಕರೆಂಟು ಆದ ಮೇಲೆ "ಸವತಿ" ಅಂತ ಒಂದು ಕಾಲಂ ಶುರು ಮಾಡಿದ್ದಳು. ಆ ಕಾಲಂನ ಮೊತ್ತ ಇಲ್ಲಿ ಬರೆಯುವುದಿಲ್ಲ.

ಎಲ್ಲರಿಗಿಂತ ಜಾಸ್ತಿ ಲಾಭ ಆದದ್ದು ಎಮ್ಮೆ ಅಂದಿದ್ದ ಅಮ್ಮನಿಗೇ. ಅವಳಿಗೆ ಮಂಡಿನೋವು. ಮಹಡಿ ಹತ್ತಿ ಸಂಡಿಗೆ ಹಾಕುವುದು ನಿಂತು ನಾಲ್ಕೈದು ವರ್ಷ ಆಗಿತ್ತು. ಅಂಗಡಿ ಸಂಡಿಗೆ ತರುತ್ತಿದ್ದೆವು. ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಮಾರ್ಚ್ ತಿಂಗಳು ಆಫೀಸಿನಿಂದ ಬಂದು ನೋಡುತ್ತೇನೆ, ಬಿಸಿಲಿಗೆ ಚಾಚಿಕೊಂಡಿದ್ದ ಡಿಕ್ಕಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ತುಂಬ ಸಬ್ಬಕ್ಕಿ ಸಂಡಿಗೆ. ಸೊಂಟದ ಎತ್ತರ, ಬಗ್ಗಬೇಕಿಲ್ಲ, ಹತ್ತಬೇಕಿಲ್ಲ. ಡಿಕ್ಕಿ ಸ್ವಲ್ಪ ಇಳಿಜಾರು, ಆದರೆ ಸಂಡಿಗೆ ಜಾರುವ ಪೈಕಿ ಅಲ್ಲ. ಕಡುನೀಲಿ ಬಣ್ಣದ ತಗಡು ಕಾದು ಕೆಳಗಿನಿಂದಲೂ ಒಣಗಿಸುತ್ತಿತ್ತು. "ಮಹಡಿ ಮೇಲೆ ಎರಡು ದಿನ ಬೇಕು, ಇಲ್ಲಿ ಒಂದೂವರೆ ದಿನಕ್ಕೆ ಗಲಗಲ ಅನ್ನುತ್ತೆ," ಅಂದಳು. ಆ ವರ್ಷ ಮಾವನ ಮನೆಗೂ ಒಂದು ಡಬ್ಬ ಹೋಯಿತು.

ಇತ್ತ ಕೆಲಸವೂ ಸಾಗುತ್ತಿತ್ತು. ಪಿಸ್ಟನ್ ರಿಂಗು ಬದಲಾಯಿತು, ರೇಡಿಯೇಟರ್ ಸೋರುವುದು ನಿಂತಿತು. ಜೆಸಿ ರೋಡಿನ ಒಂದು ಅಂಗಡಿಯವರು ಕೊಟ್ಟ ಬ್ರೇಕ್ ಸಿಲಿಂಡರಿನ ರಬ್ಬರು ವಾಷರು ಒಂದು ನೂಲು ಸಣ್ಣದಾಗಿ, ಬ್ರೇಕ್ ಆಯಿಲ್ ಎಲ್ಲ ನೆಲದ ಪಾಲಾಯಿತು. ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದು ಹಾಕಿಸಿದೆವು. ಈಗಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸುತ್ತಾರಲ್ಲ, ಅದು ಹಳೇ ಕಾಲದ ರಬ್ಬರನ್ನು ತಿಂದುಹಾಕುತ್ತದೆ. ಮಾವ ಫೋನಿನಲ್ಲಿ ಒಂದು ಕಿವಿಮಾತು ಹೇಳಿದರು: ಘಾಟಿ ಹತ್ತುವಾಗ ಪೆಟ್ರೋಲ್ ಪಂಪ್ ಬಿಸಿಯಾಗಿ ಕೈಕೊಟ್ಟರೆ ಒದ್ದೆ ಬಟ್ಟೆ ಸುತ್ತಬೇಕು. ಶಿರಾಡಿಯಲ್ಲಿ ಅತ್ತೆಯ ಟವೆಲ್ಲುಗಳು ಎಷ್ಟೋ ಹೋಗಿವೆಯಂತೆ.

ಕೊನೆಗೆ ಉಳಿದದ್ದು ಪಾಯಿಂಟು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ಬಿಲ್ಲೆಗಳು ತುಟಿಗೆ ತುಟಿ ಹಚ್ಚಿಕೊಂಡಿರುತ್ತವೆ. ಇಂಜಿನ್ನು ತಿರುಗಿದಾಗ ಅವು ಕ್ಷಣ ಬಿಟ್ಟು ಕ್ಷಣ ಕೂಡಬೇಕು. ಬಿಟ್ಟಾಗಲೇ ಪ್ಲಗ್ಗಿನಲ್ಲಿ ಕಿಡಿ. ಆ ಸಂದು ಅರ್ಧ ಮಿಲಿಮೀಟರಿಗೂ ಒಂಚೂರು ಕಡಿಮೆ ಇರಬೇಕು. ನಾನು ಗೇಜು ಹಿಡಿದು ಎರಡು ಭಾನುವಾರ ಒದ್ದಾಡಿದೆ. ಭಾಯ್ ಬಂದು ನನ್ನ ಗೇಜನ್ನು ಪಕ್ಕಕ್ಕಿಟ್ಟರು. ಬೆಂಕಿಪೊಟ್ಟಣ ಹರಿದು ಕಡ್ಡಿ ಗೀರುವ ಪಟ್ಟಿಯಿಂದ ಬಿಲ್ಲೆಗಳನ್ನು ನಾಲ್ಕು ಸಲ ಉಜ್ಜಿದರು. ಆಮೇಲೆ ಜೇಬಿನಿಂದ ಒಂದು ಮದುವೆ ಕಾಗದ ತೆಗೆದು ಅದರ ಮೂಲೆಯನ್ನು ಸಂದಿಗೆ ತೂರಿಸಿದರು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ಎಳೆದರೆ ಲೈಟಾಗಿ ಹಿಡಿದು ಬಿಡಬೇಕು. ಸ್ಕ್ರೂ ತಿರುಗಿಸಿದರು. "ಯಾರ ಮದುವೆ ಭಾಯ್?" ಅಂದೆ. "ಮುಗೀತು ಸಾರ್ ಹೋದ ವರ್ಷ. ಕಾಗದ ಗಟ್ಟಿ ಇತ್ತು, ಇಟ್ಕೊಂಡಿದೀನಿ."

ಚೋಕ್ ಎಳೆದು ಸೆಲ್ಫ್ ಹೊಡೆದೆ. ಮೂರನೇ ಸಲಕ್ಕೆ ಕೆಮ್ಮಿತು. ನಾಲ್ಕನೇ ಸಲ ಹಿಡಿದುಕೊಂಡಿತು. ಇಡೀ ಪೋರ್ಟಿಕೊ ಹೊಗೆ. ಬೂದು ಬೆಕ್ಕು ಕಾಂಪೌಂಡ್ ಹಾರಿ ಹೋಯಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ರೀ, ಇದು ಹೀಗೇನಾ ಅಥವಾ ಕೆಟ್ಟಿದೆಯಾ?" ಅಂತ ಕೇಳಿದಳು.

ಕಾಗದಪತ್ರದ ಓಡಾಟ ಬೇರೆ. ನೋಂದಣಿ ಮತ್ತೆ ಮಾಡಿಸಬೇಕು, ಐದೈದು ವರ್ಷಕ್ಕೆ. 50 ವರ್ಷ ತುಂಬಿದ ಮೇಲಾದರೆ 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ವಿಎ ಅಕ್ಷರದ ವಿಶೇಷ ನಂಬರು ಸಿಗುತ್ತದೆ, 20,000 ರೂಪಾಯಿ ಕಟ್ಟಿ. ಆದರೆ ಆ ನಂಬರು ಹಾಕಿಕೊಂಡು ದಿನಾ ತರಕಾರಿಗೆ ಹೋಗುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಅಂಥದಕ್ಕೆ ಮಾತ್ರ. ಶ್ರೀರಂಗಪಟ್ಟಣದ ಹತ್ತಿರ ಪಯಣ ಕಾರು ಮ್ಯೂಸಿಯಂನಲ್ಲಿ ಇದರ ಅಣ್ಣಂದಿರು, ಅಜ್ಜಂದಿರು ಫಳಫಳ ಹೊಳೆಯುತ್ತ ನಿಂತಿದ್ದಾರೆ. ನಮ್ಮದು 1978ರದು, ಇನ್ನೂ 50 ತುಂಬಿಲ್ಲ. ಸದ್ಯ ಸರ್ವಿಸಿನಲ್ಲೇ ಇದೆ.

ಎಲ್ಲ ಆಗಿ ಮೊದಲ ಸಲ ಗೇಟು ದಾಟಿಸುವ ಬೆಳಿಗ್ಗೆ ನಿಂಬೆಹಣ್ಣು, ಕುಂಕುಮ ಆಯಿತು. ಭಾಯ್ ಪಕ್ಕದಲ್ಲಿ, ಮಗಳು ಹಿಂದೆ. ರಿವರ್ಸ್ ಹಾಕಿ ಇನ್ನೇನು ಬಿಡಬೇಕು, ಅಮ್ಮ ಒಳಗಿನಿಂದ ಬಂದಳು. ಆರತಿ ತಟ್ಟೆ ಇರಬಹುದು ಅಂದುಕೊಂಡೆ. ಕೈಯಲ್ಲಿ ಇದ್ದದ್ದು ಸೌಟು.

"ಎಷ್ಟೊತ್ತಿಗೆ ವಾಪಸ್ ತರ್ತೀಯಾ? ಸಬ್ಬಕ್ಕಿ ಕಾಸಿ ಇಟ್ಟಿದೀನಿ. ಆರಿದ್ರೆ ಗಂಟಾಗುತ್ತೆ."

ಅರ್ಧ ಗಂಟೆ ಅಂದೆ. ರಿಂಗ್ ರೋಡಿನಲ್ಲಿ ಒಂದು ಸುತ್ತು. ಸಿಗ್ನಲ್ಲಿನಲ್ಲಿ ಆಟೋದವರು ಹಾರ್ನ್ ಹೊಡೆದು ಹೆಬ್ಬೆರಳು ತೋರಿಸಿದರು. ಗೇರು ಒಂದೆರಡು ಸಲ ಹಟ ಮಾಡಿತು. ತೆಂಗಿನಕಾಯಿಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ.

ವಾಪಸ್ ಬಂದಾಗ ಅಮ್ಮ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಡಿಕ್ಕಿಗೆ ಹಾಳೆ ಹಾಸಲು ಹೋಗುವವಳು ಅಂದುಕೊಂಡರೆ, ಸುಮ್ನೆ ಬಾನೆಟ್ ಮೇಲೆ ಕೈಯಿಟ್ಟಳು. ಒಂದು ನಿಮಿಷ ಹಾಗೇ ಇಟ್ಟುಕೊಂಡಳು.

"ಅಯ್ಯೋ, ಇದು ಬಿಸಿಲಿಗಿಂತ ಚೆನ್ನಾಗಿದೆಯಲ್ಲೋ," ಅಂದಳು. "ಮಳೆಗಾಲದಲ್ಲೂ ಹಾಕಬಹುದು. ದಿನಾ ಬೆಳಿಗ್ಗೆ ಒಂದು ರೌಂಡ್ ಹೊಡ್ಕೊಂಡು ಬಾ."