ಒಂದು ಹಾಡು, ನಲವತ್ತೊಂದು ವ್ಹಾ

ಶಾಲೆ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ನನ್ನ ಕ್ಲಾಸಿನವರು ಯಾರೂ ನನ್ನನ್ನು ಹುಡುಕಿರಲಿಲ್ಲ. ನಾನೂ ಅವರನ್ನು ಹುಡುಕಿರಲಿಲ್ಲ. ಎರಡೂ ಕಡೆಯವರು ಸುಖವಾಗಿಯೇ ಇದ್ದೆವು.

ಹೋದ ವರ್ಷ ಶ್ರಾವಣದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಟಿಣ್ ಅಂತು. ಯಾರೋ ನನ್ನನ್ನು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಎಳೆದು ಹಾಕಿದ್ದರು. ಗುಂಪಿನ ಹೆಸರಿನಲ್ಲಿ ಸ್ವರ ಇತ್ತು, ಸ್ನೇಹ ಇತ್ತು, 91 ಇತ್ತು, ಎರಡು ಗುಲಾಬಿ ಹೂವೂ ಇದ್ದವು. ಚಿತ್ರ ಗೋಳಗುಮ್ಮಟದ್ದು. ವಿಜಯಪುರದಲ್ಲಿ ನೀವು ಯಾವ ಗುಂಪು ಕಟ್ಟಿದರೂ, ಅದು ಕೊಳವೆಬಾವಿ ರಿಪೇರಿಯವರದೇ ಆಗಲಿ, ಚಿತ್ರ ಮಾತ್ರ ಗೋಳಗುಮ್ಮಟದ್ದೇ.

ಅಡ್ಮಿನ್ ಮೊದಲ ಸಂದೇಶದಲ್ಲೇ ಕಾನೂನು ಹೇಳಿದ. “ದೋಸ್ತರೇ, ಇದು ಬರೇ ಸಂಗೀತಕ್ಕ ಮಾಡಿದ ಗ್ರೂಪ್. ರಾಜಕೀಯ ಬ್ಯಾಡ, ಗುಡ್ ಮಾರ್ನಿಂಗ್ ಬ್ಯಾಡ.” ಮರುದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಗುಡ್ ಮಾರ್ನಿಂಗ್ ಬಂತು. ಹಾಕಿದವನು ಅಡ್ಮಿನ್‌ನೇ. ಕೇಳಿದರೆ, “ಕೃಷ್ಣನ ಫೋಟೋ ನೋಡಲೇ, ಕೈಯಾಗ ಕೊಳಲ ಐತಿ. ಸಂಗೀತ ಅಲ್ಲೇನದು?” ಅಂದ.

ನಮ್ಮ ಬ್ಯಾಚಿಗೂ ಸಂಗೀತಕ್ಕೂ ಇದ್ದ ಸಂಬಂಧ ನನಗೆ ಚೆನ್ನಾಗಿ ನೆನಪಿದೆ. ಶಾಲೆಯಲ್ಲಿ ಒಂದೇ ಒಂದು ಹಾರ್ಮೋನಿಯಂ ಇತ್ತು. ಅದು ಹೆಡ್‌ಮಾಸ್ತರರ ಕೋಣೆಯ ಬೀರುವಿನಲ್ಲಿ ಇರುತ್ತಿತ್ತು. ಆಗಸ್ಟ್ 15ಕ್ಕೊಮ್ಮೆ, ಜನವರಿ 26ಕ್ಕೊಮ್ಮೆ ಹೊರಗೆ ಬರುತ್ತಿತ್ತು, ಜೇಲಿನಿಂದ ಪೆರೋಲ್ ಮೇಲೆ ಬಂದ ಹಾಗೆ. ಪ್ರಾರ್ಥನೆಗೆ ನಿಂತಾಗ ನಮ್ಮ ಡಬ್ಬಿಗೆ (ಹೆಸರು ಬೇರೆ, ಆದರೆ ಅವನ ಹೆಂಡತಿಯೂ ಈಗ ಹಾಗೇ ಕರೆಯುತ್ತಾಳೆ) ಕನ್ನಡ ಮಾಸ್ತರರು ಹೇಳುತ್ತಿದ್ದರು: “ಇನ್ಸ್‌ಪೆಕ್ಟರ್ ಬರಾವ್ರ ಅದಾರ. ನೀ ಬರೇ ಬಾಯಿ ಆಡಸು, ಧ್ವನಿ ತಗೀಬ್ಯಾಡ.” ಮೂರು ವರ್ಷ ಡಬ್ಬಿ ನಿಷ್ಠೆಯಿಂದ ಬಾಯಿ ಆಡಿಸಿದ.

ಈಗ ಡಬ್ಬಿ ನಮ್ಮ ಗುಂಪಿನ ಕಿಶೋರ್ ಕುಮಾರ್.

ಅವನ ಬಳಿ ನೀಲಿ ಲೈಟು ಹೊಳೆಯುವ ಬ್ಲೂಟೂತ್ ಮೈಕ್ ಇದೆ. ಫೋನಿನಲ್ಲಿ ಕರೋಕೆ ಆ್ಯಪ್ ಇದೆ. ಟ್ರ್ಯಾಕ್ ಅದೇ ನುಡಿಸುತ್ತದೆ, ಸಾಹಿತ್ಯ ಅದೇ ತೋರಿಸುತ್ತದೆ, ಕೊನೆಗೆ ಎಕೋ ಹಾಕಿ ಮೆರುಗು ಕೊಡುತ್ತದೆ. ಮನುಷ್ಯ ಮಾಡಬೇಕಾದ ಕೆಲಸ ಒಂದೇ, ಶ್ರುತಿಯಲ್ಲಿರುವುದು. ಅದೊಂದನ್ನು ಬಿಟ್ಟು ಡಬ್ಬಿ ಎಲ್ಲ ಮಾಡುತ್ತಾನೆ. ಅವನು ಕಳಿಸಿದ ಮೊದಲ ಹಾಡು ಐದು ನಿಮಿಷ ಹತ್ತು ಸೆಕೆಂಡಿನದು. ಎರಡನೇ ಚರಣದ ಹತ್ತಿರ ಹಿಂದಿನಿಂದ ಕುಕ್ಕರ್ ಕೂಗಿತು. ಇಡೀ ಹಾಡಿನಲ್ಲಿ ಶ್ರುತಿಗೆ ಸರಿಯಾಗಿ ಕೂತಿದ್ದು ಅದೊಂದೇ. ಆಮೇಲೆ ಒಂದು ಹೆಣ್ಣುದನಿ, “ಹಾಲ ಉಕ್ಕಾಕತ್ತೈತ್ರಿ, ಬರ್ರಿ ಇಲ್ಲೆ.” ಡಬ್ಬಿ ಹೋಗಲಿಲ್ಲ. ಕಲೆ ದೊಡ್ಡದು, ಹಾಲು ಸಣ್ಣದು.

ಮೊದಲ ‘ವ್ಹಾ’ ಬಿದ್ದದ್ದು ಒಂಬತ್ತನೇ ಸೆಕೆಂಡಿಗೆ. ಹಾಡಿನಲ್ಲಿ ಆಗಿನ್ನೂ ಗಿಟಾರ್ ಬರುತ್ತಿತ್ತು, ಡಬ್ಬಿ ಬಾಯಿಯೇ ತೆರೆದಿರಲಿಲ್ಲ. ಆರನೇ ನಿಮಿಷದ ಹೊತ್ತಿಗೆ ಇಪ್ಪತ್ತಾರು ವ್ಹಾ, ಹನ್ನೊಂದು ಚಪ್ಪಾಳೆ, ಒಂದು ‘ಹ್ಯಾಪಿ ಬರ್ತ್‌ಡೇ’.

ನನಗೆ ಬಹಳ ದಿನ ಈ ಲೆಕ್ಕ ತಿಳಿಯಲಿಲ್ಲ. ಒಮ್ಮೆ ಎಲ್‌ಐಸಿ ಗೆಳೆಯ ಫೋನ್ ಮಾಡಿ ಜಗಳಕ್ಕೇ ಬಂದ. “ನೀ ಕಳಿಸಿದ ಹಾಡಿಗೆ ನಾ ನಾಕ ವ್ಹಾ ಹಾಕೀನಿ. ನೀ ನನಗ ಬರೇ ಎರಡ ಹಾಕೀದಿ. ಏನ ಸೊಕ್ಕಲೇ ನಿನಗ?” ಆಗ ಹೊಳೆಯಿತು. ಇದು ಮದುವೆಯ ಆಯೇರ. ಯಾರು ಎಷ್ಟು ಹಾಕಿದರು ಅಂತ ವಹಿಯಲ್ಲಿ ಬರೆದಿಟ್ಟು ಅವರ ಮನೆಯ ಮದುವೆಗೆ ತಿರುಗಿ ಹಾಕುತ್ತೇವಲ್ಲ, ಅದೇ. ಆಯೇರ ಹಾಕುವವರು ಮಂತ್ರ ಎಲ್ಲಿ ಕೇಳುತ್ತಾರೆ?

ಈ ಎಲ್‌ಐಸಿಯವನು ಹಾಡು ಕೇಳುವವನೇ, ಸುಳ್ಳು ಹೇಳಬಾರದು. ಆದರೆ ಎಲ್ಲವನ್ನೂ ಎರಡು ಪಟ್ಟು ವೇಗದಲ್ಲಿ ಕೇಳುತ್ತಾನೆ. “ಟೈಮ್ ಉಳಿತೈತಿ” ಅನ್ನುತ್ತಾನೆ. ಹಿಂದುಸ್ತಾನಿಯ ವಿಲಂಬಿತ, ಅಂದರೆ ನಿಧಾನ ಗತಿಯ ಏಕತಾಲದಲ್ಲಿ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ಒಂದು ಸುತ್ತು ಬರಲು ಸುಮಾರು ಒಂದು ನಿಮಿಷವೇ ಹಿಡಿಯುವುದುಂಟು. ಆ ಒಂದು ನಿಮಿಷ ಕಾಯುವುದರಲ್ಲೇ ಬಡಾ ಖ್ಯಾಲಿನ, ಆ ನಿಧಾನದ ಹಾಡಿಕೆಯ, ಸುಖ ಇರುವುದು. ಇವನು ಅದನ್ನು ಅರ್ಧ ನಿಮಿಷಕ್ಕೆ ಮುಗಿಸಿ, ಉಳಿದ ಅರ್ಧ ನಿಮಿಷದಲ್ಲಿ ಒಂದು ಪಾಲಿಸಿಯ ಬಗ್ಗೆ ಸಂದೇಶ ಹಾಕುತ್ತಾನೆ.

ಒಂದು ದಿನ ನನ್ನಿಂದಲೂ ಒಂದು ರೆಕಾರ್ಡಿಂಗ್ ಹೋಯಿತು. ಬೇಕಂತ ಅಲ್ಲ. ಶಾಸ್ತ್ರಿ ಮಾರ್ಕೆಟ್‌ನಲ್ಲಿ ಬದನೆಕಾಯಿ ಕೊಳ್ಳುವಾಗ ಜೇಬಿನಲ್ಲಿದ್ದ ಫೋನ್ ತಾನೇ ಒತ್ತಿಕೊಂಡು ಮೂರು ನಿಮಿಷ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸಿಬಿಟ್ಟಿದೆ. “ಪಾವ ಕಿಲೋಕ್ಕ ಮೂವತ್ತ ಅಂದ್ರ ಹ್ಯಾಂಗವ್ವಾ”, “ಮುಳ್ಳಗಾಯಿ ಅದಾವ ನೋಡ್ರಿ ಯಪ್ಪಾ, ಎಣ್ಣಿಗಾಯಿಗೆ ಹೇಳಿ ಮಾಡಿಸಿದಂಗ ಅದಾವ”. ಹೀಗೆ. ಮನೆಗೆ ಬಂದು ನೋಡಿದರೆ ಹದಿನೇಳು ಚಪ್ಪಾಳೆ ಬಿದ್ದಿದ್ದವು. ಒಬ್ಬ, “ಆಲಾಪ ಛಲೋ ಬಂದೈತಿ” ಅಂತ ಬರೆದಿದ್ದ. ಇನ್ನೊಬ್ಬ ರಾಗ ಯಾವುದು ಅಂತ ಕೇಳಿದ್ದ. ಮಾರವಾ ಇರಬೇಕು ಅಂತ ಮೂರನೆಯವನು ಅವನಿಗೆ ಉತ್ತರ ಕೊಟ್ಟಿದ್ದ.

ಶೋಕ ಆಚರಿಸುವುದರಲ್ಲೂ ನಾವು ಹಿಂದೆ ಬಿದ್ದವರಲ್ಲ. ಪಂಡಿತ ಭೀಮಸೇನ ಜೋಶಿಯವರು ತೀರಿಕೊಂಡದ್ದು 2011ರ ಜನವರಿ 24ರಂದು. ನಮ್ಮ ಗುಂಪಿನಲ್ಲಿ ಅವರು ಈ ಒಂದು ವರ್ಷದಲ್ಲೇ ನಾಲ್ಕು ಸಲ ತೀರಿಕೊಂಡರು. ಪ್ರತಿ ಸಲವೂ ‘ಈಗಷ್ಟೇ ಬಂದ ಸುದ್ದಿ’. ಪ್ರತಿ ಸಲವೂ ಮೂವತ್ತು ‘ಓಂ ಶಾಂತಿ’. ಮೂರನೇ ಸಲ ನಾನು ತಾರೀಕು ಹಾಕಿ ತಿದ್ದಿದೆ. “ಇರಲಿ ಬಿಡಪಾ, ದೊಡ್ಡ ಮನಿಷ್ಯಾ. ಎಷ್ಟ ಸಲ ಶಾಂತಿ ಅಂದ್ರೂ ನಡೀತೈತಿ” ಅಂದ ಅಡ್ಮಿನ್.

ಇನ್ನು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಹೆಸರಿನ ಜಗಳ. ಅವರು 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಬೆಳಗಾವಿಗೆ ಹೋಗಿ ನೆಲೆಸಿದ ನಮ್ಮ ಗೆಳೆಯನೊಬ್ಬ ಇದನ್ನು ಹೇಳಿ, “ನಿಮ್ಮ ಜಿಲ್ಲಾದಾಗ ಯಾರದಾರಲೇ?” ಅಂತ ಒಂದು ಪ್ರಶ್ನೆ ಎಸೆದ. ಹತ್ತಿಕೊಂಡಿತು. ಬಾಗಲಕೋಟೆಯ ಅಳಿಯನೊಬ್ಬ ನಮ್ಮ ಕಡೆಯ ಹಾಡು-ಕುಣಿತದ ಜನಪದ ಆಟ ಶ್ರೀಕೃಷ್ಣ ಪಾರಿಜಾತ ತಂದು ನಿಲ್ಲಿಸಿದ. ಆ ಆಟಕ್ಕೆ ಹೆಸರು ತಂದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇಬ್ಬರೂ ನಮ್ಮ ಬೆಳಗಾವಿ ಜಿಲ್ಲೆಯವರೇ ಅಂತ ಬೆಳಗಾವಿಯವನು ಅದನ್ನೂ ಕಸಿದುಕೊಂಡ. ವಿಜಯಪುರದವರು ಬೇರೆ ಗತಿ ಇಲ್ಲದೆ ಆದಿಲ್ ಶಾಹಿಗೆ ಹೋದರು. ಎರಡನೇ ಇಬ್ರಾಹಿಂ ಆದಿಲ್ ಶಾ 1580ರಿಂದ 1627ರವರೆಗೆ ಇಲ್ಲಿ ಆಳಿದ. ಎಂಥ ಸಂಗೀತದ ಹುಚ್ಚ ಅಂದರೆ ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ, ಊರ ಪಕ್ಕ ನವರಸಪುರ ಅಂತ ಇನ್ನೊಂದು ಊರನ್ನೇ ಕಟ್ಟಿಸಲು ಹೊರಟ. ಅವನು ಹಾಡಿದಾಗ ಆಸ್ಥಾನದವರು ವ್ಹಾ ಅನ್ನದೇ ಇರಲು ಯಾರಿಗೆ ಧೈರ್ಯ ಇತ್ತೋ ಏನೋ. ಅವರಿಗೆ ಕತ್ತಿಯ ಭಯವಾದರೂ ಇತ್ತು. ನಮಗೆ ಏನಾಗಿದೆ?

ಜಗಳ ಎರಡು ದಿನ ನಡೆಯಿತು. ಮೂವರು ಗುಂಪು ಬಿಟ್ಟರು, ಸಂಜೆಗೆ ಮೂವರೂ ತಿರುಗಿ ಬಂದರು. ಆ ಎರಡು ದಿನದಲ್ಲಿ ಕುಮಾರ ಗಂಧರ್ವರ ಒಂದು ಹಾಡನ್ನೂ ಯಾರೂ ಹಾಕಲಿಲ್ಲ. ಆ ಮನುಷ್ಯ ಕ್ಷಯದಲ್ಲಿ ಒಂದು ಶ್ವಾಸಕೋಶ ಕಳೆದುಕೊಂಡು, ಐದಾರು ವರ್ಷ ಹಾಡಲಾಗದೆ ಬಿದ್ದು, ಮತ್ತೆ ಎದ್ದು, ಇದ್ದಷ್ಟೇ ಉಸಿರಿಗೆ ಹೊಂದುವ ಹೊಸ ಗಾಯನ ಕಟ್ಟಿಕೊಂಡವರು. ಡಬ್ಬಿಗೆ ಎರಡೂ ಗಟ್ಟಿಯಾಗಿವೆ. ಅದೇ ನಮ್ಮ ತೊಂದರೆ.

ಗುಂಪಿನಲ್ಲಿ ನಿಜವಾಗಿ ಹಾಡಲು ಬರುವವಳು ಒಬ್ಬಳಿದ್ದಾಳೆ. ಹುಡುಗಿಯರ ಸಾಲಿನಲ್ಲಿ ಕಿಟಕಿ ಹತ್ತಿರ ಕೂರುತ್ತಿದ್ದಳು. ಶಾಲೆಯಲ್ಲಿ ಅವಳ ಜೊತೆ ಒಂದು ಮಾತಾಡದ ನಾವು ಈಗ ‘ಮೇಡಂ’ ಅನ್ನುತ್ತೇವೆ. ಒಂದು ರಾತ್ರಿ ಟ್ರ್ಯಾಕ್ ಇಲ್ಲ, ಎಕೋ ಇಲ್ಲ, ಒಂದು ವಚನ ಹಾಡಿ ಕಳಿಸಿದಳು. ಒಂದು ನಿಮಿಷ ನಲವತ್ತು ಸೆಕೆಂಡು. ಅದರ ಹಿಂದೆಯೇ ಹದಿನಾಲ್ಕು ಗುಡ್ ನೈಟ್ ಬಂದು ಬಿದ್ದವು. ಬೆಳಗಾಗುವುದರಲ್ಲಿ ವಚನ ಎಲ್ಲೋ ಮೇಲೆ ಹೋಗಿಬಿಟ್ಟಿತ್ತು. ಇನ್ನೊಂದು ಹಾಡ್ರಿ ಅಂತ ನಾನು ಕೇಳಿದ್ದಕ್ಕೆ, “ಅಡಗಿಮನ್ಯಾಗ ಹಾಡತೀನ್ರಿ. ಅಲ್ಲೆ ಕೇಳಾಕ ನಮ್ಮತ್ತಿ ಅದಾರ” ಅಂದಳು.

ನಾವು ಒಂದು ಕಾಲದಲ್ಲಿ ಕೇಳುತ್ತಿದ್ದೆವು, ಆಣೆ ಮಾಡಿ ಹೇಳುತ್ತೇನೆ. ಖಾಲಿ ಕ್ಯಾಸೆಟ್ ಕೊಂಡು, ಚೀಟಿಯಲ್ಲಿ ಹಾಡು ಬರೆದು ಅಂಗಡಿಗೆ ಕೊಟ್ಟರೆ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹನ್ನೆರಡು ಹಾಡು. ಯಾವ ಹನ್ನೆರಡು ಅಂತ ನಾಲ್ಕು ಜನ ಕೂತು ವಾರಗಟ್ಟಲೆ ಚರ್ಚೆ. ಮೂರು ದಿನ ಬಿಟ್ಟು ಹೋಗಿ ತರಬೇಕು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬೇಕು. ನನ್ನ ಕ್ಯಾಸೆಟ್ಟಿನಲ್ಲಿ ಕೊನೆಯ ಹಾಡಿಗೆ ಜಾಗ ಸಾಲದೆ ಎರಡನೇ ಚರಣದ ನಡುವೆ ಕಟ್ ಆಗಿತ್ತು. ಈಗಲೂ ಎಲ್ಲಾದರೂ ಆ ಹಾಡು ಕೇಳಿಸಿದರೆ ನನ್ನ ಕಿವಿ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲಿನ ಸಾಲು ಯಾರೋ ಸುಮ್ನೆ ಸೇರಿಸಿದ್ದು ಅನಿಸುತ್ತದೆ. ಇದನ್ನು ಗುಂಪಿನಲ್ಲಿ ಬರೆದೆ. ‘ವ್ಹಾ’ ಅಂತ ಬಂತು.

ಇಷ್ಟೆಲ್ಲ ಆದಮೇಲೆ ಗುರುವಂದನೆ ಆಗಲೇಬೇಕಲ್ಲ. ಸೊಲ್ಲಾಪುರ ರಸ್ತೆಯಲ್ಲೊಂದು ಮಂಗಲ ಕಾರ್ಯಾಲಯ. ಬಾಗಿಲಲ್ಲಿ ಫ್ಲೆಕ್ಸ್, ಅದರಲ್ಲಿ ನಮ್ಮ ನಲವತ್ತೊಂದು ಮುಖ, ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನಲ್ಲಿ ಏಳು ಗುರುಗಳು. ಒಬ್ಬೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಗೋಳಗುಮ್ಮಟ. ಮಾತಾಡಲು ತಲಾ ಎರಡು ನಿಮಿಷ. ನಮ್ಮ ಕರೋಕೆಗೆ ಮೂವತ್ತೊಂದು ಹಾಡು. ಎಂಬತ್ತು ದಾಟಿದವರನ್ನು ಆಳೆತ್ತರದ ಸ್ಪೀಕರುಗಳ ಮುಂದೆ ನಾಲ್ಕು ತಾಸು ಕೂರಿಸಿದೆವು. ಅವರು ನಮಗೆ ಹಿಂದೆ ಕೊಟ್ಟ ಏಟಿಗೆಲ್ಲ ಅಂದು ಬಡ್ಡಿಸಮೇತ ತೀರಿತು.

ಡಬ್ಬಿಯ ಪಾಳಿ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಕನ್ನಡ ಮಾಸ್ತರರು ಮೆಲ್ಲಗೆ ಕಿವಿಗೆ ಕೈ ಹಾಕಿ, ಕಿವಿಯ ಮಷೀನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಬಿಟ್ಟರು. ಮುಖದ ಮೇಲೆ ಎಂಥ ಶಾಂತಿ! ಹಾಡು ಮುಗಿಸಿ ಬೆವರು ಒರೆಸಿಕೊಳ್ಳುತ್ತ ಡಬ್ಬಿ ಬಂದು ಕಾಲಿಗೆ ಬಿದ್ದ. ಅಷ್ಟರಲ್ಲಿ ಅವರು ಮಷೀನು ತಿರುಗಿ ಹಾಕಿಕೊಂಡಿದ್ದರು.

“ಹ್ಯಾಂಗ ಹಾಡಿದ್ನಿರಿ ಸರ್?”

“ಬಾಯಿ ಛಲೋ ಆಡಸ್ತೀಯಪಾ. ಮೊದಲಿನಂಗೇ.”

ಊಟಕ್ಕೆ ಶೇಂಗಾ ಹೋಳಿಗೆ ಚೆನ್ನಾಗಿತ್ತು. ಮಾಸ್ತರರನ್ನು ಮನೆಗೆ ಕಳಿಸಿ, ನಾವು ಅದೇ ಹುಮ್ಮಸ್ಸಿನಲ್ಲಿ ಗೋಳಗುಮ್ಮಟಕ್ಕೆ ಹೊರಟೆವು. ಭಾನುವಾರ, ಸಂಜೆ ನಾಲ್ಕು. ಅಲ್ಲಿನ ಪ್ರತಿಧ್ವನಿ ಕೇಳಬೇಕಾದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು ಅಂತ ಊರಿನ ಮಕ್ಕಳಿಗೂ ಗೊತ್ತು. ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ, ಮೊಣಕಾಲು ನೀವಿಕೊಳ್ಳುತ್ತ ಪಿಸುಗುಟ್ಟುವ ಗ್ಯಾಲರಿ ತಲುಪಿದೆವು. ಆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿಯಿಟ್ಟವನಿಗೆ ಕೇಳಿಸುತ್ತದೆ. ಒಂದು ಚಪ್ಪಾಳೆ ಏಳು ಸಲ ಮರಳಿ ಬರುತ್ತದೆ ಅಂತಾರೆ. ಗೈಡ್‌ಗಳು ಹತ್ತು ಅಂತಲೂ ಹೇಳುತ್ತಾರೆ, ಗಿರಾಕಿ ನೋಡಿಕೊಂಡು. ಷರತ್ತು ಒಂದೇ. ಒಬ್ಬ ಮಾತಾಡುವಾಗ ಉಳಿದವರು ಸುಮ್ಮನಿರಬೇಕು.

ನಮ್ಮ ಮೂವತ್ತೆಂಟು ಜನ ಒಟ್ಟಿಗೆ ಹಾಡಿದರು. ಬೇರೆ ಬೇರೆ ಹಾಡು. ಕಾವಲುಗಾರನ ಸೀಟಿಯೂ ಏಳು ಸಲ ಕೇಳಿಸಿತು. ಅಡ್ಮಿನ್ ಕೈ ಎತ್ತಿ “ಹೋ” ಅಂತ ಕೂಗಿ ಎಲ್ಲರನ್ನೂ ಕೂಗಿಸಿದ. ಯಾರೋ ವಿಡಿಯೋ ಮಾಡಿದರು. ನಾನು ಗೋಡೆಗೆ ಕಿವಿ ಹಚ್ಚಿ ನಿಂತಿದ್ದೆ. ಆಚೆಯಿಂದ ಕಿಟಕಿ ಹತ್ತಿರದ ಹುಡುಗಿ ಏನೋ ಹಾಡುತ್ತಿರುವುದು ತುಟಿಯಲ್ಲಿ ಕಾಣುತ್ತಿತ್ತು.

ವಿಡಿಯೋ ಗುಂಪಿಗೆ ಬಂತು, ಅಲ್ಲಿಂದ ಊರಿಗೆಲ್ಲ ಹೋಯಿತು. ಐದು ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಅಂತ ವಾಟ್ಸ್‌ಆ್ಯಪ್‌ನವರು 2020ರಲ್ಲೇ ಲಗಾಮು ಹಾಕಿದ್ದಾರೆ. ನಮ್ಮ ಜನ ಅದಕ್ಕೆ ಬೇಸರಿಸುವುದಿಲ್ಲ. ಒಂದೊಂದೇ, ಒಂದೊಂದೇ, ಗುಡಿಯಲ್ಲಿ ಪ್ರಸಾದ ಹಂಚಿದ ಹಾಗೆ ಹಂಚುತ್ತಾರೆ. ಎಂಟು ದಿನ ಬಿಟ್ಟು ಅದೇ ವಿಡಿಯೋ ಜೋಡಿ ಬಾಣದ ಗುರುತು ಹೊತ್ತು ನಮ್ಮ ಗುಂಪಿಗೇ ತಿರುಗಿ ಬಂತು. ಮಸುಕಾಗಿತ್ತು, ಮುಖ ಯಾವುದೂ ಕಾಣುತ್ತಿರಲಿಲ್ಲ. ಕೆಳಗೆ ಯಾರೋ ‘ನೋಡಿ, ನಮ್ಮ ಸ್ಮಾರಕಗಳ ಗತಿ’ ಅಂತ ಬರೆದಿದ್ದರು.

ಅಡ್ಮಿನ್ ಕೆಂಡವಾದ. “ಯಾವ ಊರಿನ ದನಾನೋ ಏನೋ ಇವು! ಇಂಥಾವ್ರನ್ನ ಒಳಗ ಬಿಡಬಾರದು. ನಮ್ಮಂಥ ಸಂಗೀತ ಪ್ರೇಮಿಗಳು ಶಾಂತ ಕೇಳೂ ಜಾಗಾ ಅದು.”

ಒಂಬತ್ತು ಸೆಕೆಂಡಿಗೆ ಮೊದಲ ವ್ಹಾ ಬಿತ್ತು. ಡಬ್ಬಿಯದು. ಆಯೇರ ಬಾಕಿ ಇತ್ತು, ನಾನೂ ಎರಡು ಹಾಕಿದೆ.